ಅಕ್ಷರಕ್ಕೆ ತೊಡಿಸಿದ ಬೆಳ್ಳಿ

ನಾಗಲದಿನ್ನೆ, ಆದವಾನಿ ಕಡೆಯ ನಮಗೆ ಬೆಳ್ಳಿ ಕೆಲಸ ನೋಡುವ ಕಣ್ಣು ಬಂದದ್ದೇ ಮಂತ್ರಾಲಯದಿಂದ. ಅಭಿಷೇಕದ ಹೊತ್ತಿಗೆ ರಾಯರ ಬೃಂದಾವನ ಬರೀ ಕಲ್ಲು. ಆಮೇಲೆ ಕವಚ, ರೇಷ್ಮೆ, ಹೂವು. ಆ ಕಣ್ಣಿನಿಂದಲೇ ಈ ವಾರ ಯಹೂದಿಗಳ ತೋರಾ ಸುರುಳಿಯನ್ನು ನೋಡೋಣ. ಅಲ್ಲಿ ಅಲಂಕಾರವಾಗುವುದು ಗ್ರಂಥಕ್ಕೆ.

ತೋರಾ ಎಂದರೆ ಮೋಶೆಯ ಐದು ಗ್ರಂಥಗಳು. ಹದ ಮಾಡಿದ ಚರ್ಮದ ಮೇಲೆ ಕಪ್ಪು ಮಸಿಯಲ್ಲಿ, ಕೈಯಿಂದಲೇ ಬರೆಯಬೇಕು, 3,04,805 ಅಕ್ಷರ. ಚಿತ್ರ ಕೂಡದು, ಚಿನ್ನದ ಅಕ್ಷರ ಸಲ್ಲದು. ಒಳಗೆ ಇಷ್ಟು ಕಟ್ಟುನಿಟ್ಟು ಇರುವುದರಿಂದಲೇ ಅಕ್ಕಸಾಲಿಗರ ಕೈಚಳಕವೆಲ್ಲ ಹೊರಗೆ ಅರಳಿತು ಎಂಬುದು ನನ್ನ ನಂಬಿಕೆ.

ಯುರೋಪಿನಲ್ಲಿ ಸುರುಳಿಗೆ ಮಖಮಲ್ಲಿನ ನಿಲುವಂಗಿ, ಅದರ ಮೇಲೆ ಸರಪಳಿಯಿಂದ ಇಳಿಬಿಟ್ಟ ಬೆಳ್ಳಿ ಫಲಕ. ಯಾವ ಸುರುಳಿ ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿಗೆ, ಯಾವುದು ಹಬ್ಬಕ್ಕೆ ಎಂದು ಫಲಕದಲ್ಲಿ ಸಿಕ್ಕಿಸಿದ ಪುಟ್ಟ ಪಟ್ಟಿ ಹೇಳುತ್ತದೆ. ಜರ್ಮನಿಯವರದು ಇನ್ನೂ ಹೃದ್ಯ: ಮಗುವಿನ ಸುನ್ನತಿಯ ದಿನ ಬಳಸಿದ ಬಟ್ಟೆಯನ್ನೇ ಉದ್ದಕ್ಕೆ ಹೊಲಿದು, ಹೆಸರು ಕಸೂತಿ ಹಾಕಿ, ಸುರುಳಿಗೆ ಸುತ್ತುತ್ತಿದ್ದರು. ಎಷ್ಟೋ ಬೆಳ್ಳಿ ಕಿರೀಟಗಳಿಗಿಂತ ಆ ಬಟ್ಟೆ ನನಗೆ ಹೆಚ್ಚು.

ಸುರುಳಿಯ ಕೋಲುಗಳ ತುದಿಗೆ ದಾಳಿಂಬೆಯಾಕಾರದ, ಇಲ್ಲವೇ ಗೋಪುರದಂಥ ಕಳಶಗಳು, ಸುತ್ತ ಕಿರುಗೆಜ್ಜೆ. ಮಹಾಯಾಜಕನ ಉಡುಪಿನ ಅಂಚಿಗೆ ದಾಳಿಂಬೆ, ಗಂಟೆ ಒಂದಾದ ಮೇಲೊಂದು ಇರಬೇಕೆಂದು ತೋರಾದಲ್ಲೇ ಇದೆ. ಉಳಿದುಬಂದ ಕಳಶಗಳಲ್ಲಿ ಅತಿ ಹಳೆಯವೆಂದು ಹೆಸರಾದ 15ನೇ ಶತಮಾನದ ಸಿಸಿಲಿಯ ಜೋಡಿ ಈಗ ಸ್ಪೇನಿನ ಮಯೋರ್ಕಾ ದ್ವೀಪದ ಕ್ರೈಸ್ತ ಪ್ರಧಾನ ದೇಗುಲದಲ್ಲಿದೆ. ಓದುವಾಗ ಚರ್ಮಕ್ಕೆ ಬೆರಳು ತಾಗಬಾರದು. ಸಾಲು ತೋರಿಸಲು ಬೆಳ್ಳಿ ಕಡ್ಡಿ, ಅದರ ತುದಿಯಲ್ಲಿ ತೋರುಬೆರಳು ಚಾಚಿದ ಪುಟಾಣಿ ಕೈ. ಆ ಬೆರಳಿನ ಉಗುರು, ಗೆಣ್ಣು ಮೂಡಿಸಿದ ಕೆಲಸ ಕಂಡರೆ ಅಲ್ಲೇ ನಿಂತುಬಿಡುತ್ತೇನೆ.

ಇರಾಕ್, ಯೆಮನ್ ಕಡೆ ನಿಲುವಂಗಿಯಿಲ್ಲ. ಗಟ್ಟಿ ಕರಡಿಗೆ, ಅದನ್ನು ನೆಟ್ಟಗೆ ನಿಲ್ಲಿಸಿ, ಎರಡು ಹೋಳಾಗಿ ತೆರೆದು ಓದುತ್ತಾರೆ. ನಮ್ಮ ಕೊಚ್ಚಿಯ ಯಹೂದಿಗಳದೂ ಇದೇ ದಾರಿ: ಮರದ ಕರಡಿಗೆಗೆ ಬೆಳ್ಳಿ ತಗಡು, ಮೇಲೆ ಕಿರೀಟ. 1568ರಲ್ಲಿ ಕಟ್ಟಿದ ಮಟ್ಟಾಂಚೇರಿಯ ಯಹೂದಿ ಪ್ರಾರ್ಥನಾಮಂದಿರವಾದ ಪರದೇಶಿ ಸಿನಗಾಗ್‌ಗೆ 1805ರಲ್ಲಿ ಚಿನ್ನದ ಕಿರೀಟ ಕೊಟ್ಟವರು ತಿರುವಾಂಕೂರಿನ ಮಹಾರಾಜರು. ಹಿಂದೂ ದೊರೆಯೊಬ್ಬರು ಯಹೂದಿ ಗ್ರಂಥಕ್ಕೆ ಕಿರೀಟ ಇಟ್ಟದ್ದಕ್ಕಿಂತ ದೊಡ್ಡ ಒಡವೆ ಈ ಪರಂಪರೆಯಲ್ಲಿ ನನಗೆ ಕಾಣದು.

ಕೊಚ್ಚಿಗೆ ಹೋದವರು ನೆಲದ ನೀಲಿ ಚೀನೀ ಹೆಂಚು ನೋಡಿ ಹೊರಟುಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಸುರುಳಿಗಳನ್ನಿಡುವ ಮರದ ಕಪಾಟಿನ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲಿ. ಶನಿವಾರ ಹೋಗಬೇಡಿ, ಅಂದು ಸಬ್ಬತ್ತು, ಬಾಗಿಲು ಹಾಕಿರುತ್ತದೆ.