ಬೀಡು ಬಿಟ್ಟವರು

ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲಿಳಿದು ಬಸ್ಸು ಹಿಡಿದು ಹಳೇಬೀಡಿಗೆ ಹೋದವರ ಕಿವಿಗೆ ಒಂದು ಮಾತು ಬಿದ್ದೇ ಬೀಳುತ್ತದೆ: ‘ಹೊಯ್ಸಳರು ರಾಜಧಾನಿಯನ್ನು ಬೇಲೂರಿಂದ ಇಲ್ಲಿಗೆ ಶಿಫ್ಟ್ ಮಾಡಿದರು.’ ಶಾಸನ ಓದುವ ಗೀಳು ಹತ್ತಿದ ಮೇಲೆ ಈ ‘ಶಿಫ್ಟ್’ ನನಗೆ ಒಪ್ಪಿಗೆಯಾಗುತ್ತಿಲ್ಲ.

ಇಂಗ್ಲೆಂಡಿನವರು ಮನೆ ಬದಲಿಸಿದರೆ ‘ಮೂವ್’ ಅನ್ನುತ್ತಾರೆ. ಅವರ ಶಿಫ್ಟ್ ಹೆಚ್ಚಾಗಿ ಮೇಜು ಸರಿಸುವಷ್ಟಕ್ಕೆ. ಇಡೀ ಸಂಸಾರವನ್ನೇ ಶಿಫ್ಟ್ ಮಾಡುವುದು ನಮ್ಮ ಕಡೆಯ ರೂಢಿ, ಒಳ್ಳೆಯ ರೂಢಿಯೇ. ಹೊಸ ಮನೆಯಲ್ಲಿ ಹಾಲುಕ್ಕಿಸಿ, ಹಳೆಯದರ ಬೀಗದ ಕೈ ಮಾಲೀಕರಿಗೆ ಕೊಟ್ಟರೆ ಶಿಫ್ಟ್ ಮುಗಿಯಿತು. ಆಮೇಲೆ ಅಲ್ಲಿ ನಮ್ಮದೇನೂ ಇಲ್ಲ.

ಹೊಯ್ಸಳರು ಹಾಗೆ ಬೀಗದ ಕೈ ಕೊಟ್ಟು ಹೊರಟವರಲ್ಲ. ಶಾಸನಗಳು ಹೇಳುವುದು ‘ನೆಲೆವೀಡು’ ಎಂದು, ಅಂದರೆ ಅರಸ ನೆಲೆನಿಂತ ಬೀಡು. ಬೀಡು ಹುಟ್ಟಿದ್ದು ‘ಬಿಡು’ ಧಾತುವಿನಿಂದ. ತಮಿಳರು ಮನೆಗೆ ಹೇಳುವ ‘ವೀಡು’ ಕೂಡ ಅದೇ ಬೇರಿನದು. ವಿನಯಾದಿತ್ಯನ ನೆಲೆವೀಡು ಸೊಸೆವೂರು, ಅಂದರೆ ಮೂಡಿಗೆರೆ ತಾಲ್ಲೂಕಿನ ಅಂಗಡಿ. ಆಮೇಲೆ ಬೇಲೂರು, ಇಂದಿನ ಹಳೇಬೀಡಾದ ದೋರಸಮುದ್ರ. ವಿಷ್ಣುವರ್ಧನ ಬಂಕಾಪುರದಲ್ಲಿ, ಇಮ್ಮಡಿ ಬಲ್ಲಾಳ ಲೊಕ್ಕಿಗುಂಡಿಯಲ್ಲಿ, ಸೋಮೇಶ್ವರ ಶ್ರೀರಂಗದ ಹತ್ತಿರದ ಕಣ್ಣನೂರಿನಲ್ಲಿ ಬೀಡುಬಿಟ್ಟರು. ಹೊಸ ಬೀಡು ಎದ್ದಿತೆಂದು ಹಳೆಯದು ರದ್ದಾಗಲಿಲ್ಲ.

ಬೇಲೂರನ್ನೇ ನೋಡಿ. ದೋರಸಮುದ್ರ ಆಗಲೇ ಬೆಳೆದಿದ್ದ ಕಾಲದಲ್ಲಿ, 1117ರಲ್ಲಿ, ವಿಷ್ಣುವರ್ಧನ ತನ್ನ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದ್ದು ಬೇಲೂರಿನಲ್ಲಿ. ಪಕ್ಕದಲ್ಲೇ ಕಪ್ಪೆ ಚೆನ್ನಿಗರಾಯನನ್ನು ನಿಲ್ಲಿಸಿದವಳು ಪಟ್ಟದರಸಿ ಶಾಂತಲೆ. ದೊಡ್ಡ ಗುಡಿ ಇದ್ದ ಮಾತ್ರಕ್ಕೆ ರಾಜಧಾನಿ ಅನ್ನುವಂತಿಲ್ಲ, ನಿಜ. ರಾಣಿಯ ಕೆರೆಯಿಂದ ಹೆಸರು ಪಡೆದ ಅರಸೀಕೆರೆಯಲ್ಲೂ 1220ರ ಈಶ್ವರ ದೇವಾಲಯವಿದೆ, ಅದರ ಮುಂದಿನ ಹದಿನಾರು ಮೂಲೆಯ ನಕ್ಷತ್ರಾಕಾರದ ಮಂಟಪದಂಥದ್ದು ಬೇರೆಡೆ ಸಿಗುವುದೇ ಅಪರೂಪ. ಆದರೆ ಬೇಲೂರಿನ ವಿಷಯ ಬೇರೆ. ದೋರಸಮುದ್ರದ ಹೊಯ್ಸಳೇಶ್ವರವನ್ನು ಕಟ್ಟಿಸಿದ ಕೀರ್ತಿ ಕೇತಮಲ್ಲನೆಂಬ ಅಧಿಕಾರಿಗೆ ಸಲ್ಲುತ್ತದೆ. ‘ಬಿಟ್ಟುಬಂದರು’ ಎನ್ನುವ ಊರಿನ ಗುಡಿಗೆ ಕೈಹಾಕಿದವನು ಸ್ವತಃ ಅರಸ. ಬಿಟ್ಟುಬಂದ ಮನೆಗೆ ಯಾರು ಇಷ್ಟು ಖರ್ಚು ಮಾಡುತ್ತಾರೆ?

ನಿಜವಾದ ಶಿಫ್ಟ್ ನಡೆದದ್ದು ಎರಡು ಶತಮಾನದ ಮೇಲೆ. 1311ರಲ್ಲಿ ದೆಹಲಿಯ ಸೇನಾನಿ ಮಲಿಕ್ ಕಾಫರ್ ಬಂದ, ಮುಂದೆ ದೆಹಲಿಯ ದಂಡು ಮತ್ತೆ ಬಂತು. ಮುಮ್ಮಡಿ ಬಲ್ಲಾಳ ತಿರುವಣ್ಣಾಮಲೈ ಸೇರಿದ, ಕೊನೆಗೆ ಮಧುರೆ ಸುಲ್ತಾನರ ಕೈಯಲ್ಲಿ ಸತ್ತ. ಬರಿದಾದ ದೋರಸಮುದ್ರಕ್ಕೆ ಹಳೇಬೀಡು ಎಂಬ ಹೆಸರು ನಿಂತಿತು. ಬೇಲೂರಿಗೆ ಆ ಗತಿ ಬರಲಿಲ್ಲ: ಸುಟ್ಟುಹೋಗಿದ್ದ ಅದರ ಮಹಾದ್ವಾರದ ಗೋಪುರವನ್ನು 1397ರಲ್ಲಿ ವಿಜಯನಗರದ ಎರಡನೇ ಹರಿಹರನ ದಂಡನಾಯಕ ಗುಂಡ ಮತ್ತೆ ಎತ್ತಿಸಿದ, ಪೂಜೆ ಇಂದಿಗೂ ನಡೆದಿದೆ. ಶಿಫ್ಟ್ ಎನ್ನಲೇಬೇಕಾದರೆ ಹಳೇಬೀಡಿಗೆ ಬಂದದ್ದಕ್ಕೆ ಬೇಡ, ಅಲ್ಲಿಂದ ಹೋದದ್ದಕ್ಕೆ ಅನ್ನೋಣ.

ನೆಲೆವೀಡುಗಳ ಜಾಡು ಹಿಡಿಯುವ ಆಸೆಯಿದ್ದವರು ಬಿ.ಎಲ್. ರೈಸ್ 1902ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಐದನೇ ಸಂಪುಟ ಹುಡುಕಿ. ಹಾಸನ ಜಿಲ್ಲೆಯ ಶಾಸನಗಳು ಅದರಲ್ಲಿವೆ. ಬೇಲೂರು ತಾಲ್ಲೂಕಿನಿಂದ ಶುರುಮಾಡಿ.