ಮುಕ್ಕಾಲು ಪರ್ಸೆಂಟಿನೊಳಗೆ ಅಡಗಿದ್ದೇನು?

2016ರ ಮಾರ್ಚ್ ಅಂತ್ಯಕ್ಕೆ ಯೆಸ್ ಬ್ಯಾಂಕ್ ತೋರಿಸಿದ ಒಟ್ಟು ಅನುತ್ಪಾದಕ ಸಾಲ ಶೇ 0.76, ಅಂದರೆ ಸುಮಾರು 749 ಕೋಟಿ ರೂಪಾಯಿ. ಅದೇ ಲೆಕ್ಕವನ್ನು ರಿಸರ್ವ್ ಬ್ಯಾಂಕ್ ತಪಾಸಣೆ ಮಾಡಿದಾಗ ಸಿಕ್ಕಿದ್ದು 4,925 ಕೋಟಿ. ಮರುವರ್ಷವೂ ಅದೇ ಕಥೆ: ಬ್ಯಾಂಕ್ ಹೇಳಿದ್ದು 2,018 ಕೋಟಿ, ತಪಾಸಣೆಯಲ್ಲಿ ಕಂಡದ್ದು 8,373 ಕೋಟಿ.

ಬ್ಯಾಂಕುಗಳ ಆರೋಗ್ಯ ಅಳೆಯಲು ವಿಶ್ಲೇಷಕರು ನೆಚ್ಚಿಕೊಂಡಿರುವುದು ‘ಕ್ಯಾಮೆಲ್ಸ್’ ಪದ್ಧತಿಯನ್ನು. ಅಮೆರಿಕದಲ್ಲಿ 1979ರಲ್ಲಿ ಮೊದಲ ರೂಪ ಪಡೆದ ಇದು, ಬ್ಯಾಂಕ್ ಮೇಲ್ವಿಚಾರಣೆ ಕುರಿತ ಪದ್ಮನಾಭನ್ ಸಮಿತಿಯ ಶಿಫಾರಸಿನ ನಂತರ ಭಾರತಕ್ಕೂ ಬಂತು. ಬಂಡವಾಳ, ಸಾಲದ ಗುಣಮಟ್ಟ, ಆಡಳಿತ, ಗಳಿಕೆ, ನಗದು ಲಭ್ಯತೆ, ಮಾರುಕಟ್ಟೆಯ ಏರಿಳಿತ ತಾಳುವ ಶಕ್ತಿ ಎಂಬ ಆರು ಅಂಶಗಳನ್ನು ಇದು ಒಟ್ಟಿಗೆ ನೋಡುತ್ತದೆ. ಲಾಭವೊಂದನ್ನೇ ನೋಡಿ ಮರುಳಾಗದಂತೆ ತಡೆಯುವುದು ಇದರ ದೊಡ್ಡ ಗುಣ.

ದೋಷವಿರುವುದು ಬುಡದಲ್ಲಿ. ಕಂತು 90 ದಿನ ಮೀರಿ ಬಾಕಿ ಉಳಿದರೆ ಆ ಸಾಲ ಅನುತ್ಪಾದಕ. ಹಾಗೆಂದು ಮೊದಲು ಗುರುತಿಸಬೇಕಾದದ್ದು ಬ್ಯಾಂಕೇ. ಹಳೆ ಸಾಲ ತೀರಿಸಲು ಹೊಸ ಸಾಲ ಕೊಟ್ಟುಬಿಟ್ಟರೆ ಸುಸ್ತಿ ಲೆಕ್ಕಕ್ಕೇ ಬರುವುದಿಲ್ಲ. ಸುಸ್ತಿ ಕಾಣದಿದ್ದರೆ ಅದಕ್ಕೆ ಹಣ ತೆಗೆದಿಡಬೇಕಾಗಿಲ್ಲ, ಲಾಭ ಉಬ್ಬುತ್ತದೆ, ಬಂಡವಾಳವೂ ಗಟ್ಟಿಯಾಗಿ ಕಾಣುತ್ತದೆ. ಒಂದು ಅಂಕಿ ಸುಳ್ಳಾದರೆ ಮೂರು ಅಂಶ ಒಟ್ಟಿಗೇ ಕೆಡುತ್ತವೆ.

ಆಡಳಿತದ ಅಳತೆ ಇನ್ನೂ ಪೊಳ್ಳು. ಹೊರಗಿನ ಅಧ್ಯಯನಕಾರರು ಎಷ್ಟೋ ಸಲ ತಲಾ ಉದ್ಯೋಗಿಯ ವಹಿವಾಟನ್ನೇ ಆಡಳಿತದ ಗುಣವೆಂದು ಎಣಿಸುತ್ತಾರೆ. ದೊಡ್ಡ ಕಂಪನಿಗಳಿಗೆ ಎಗ್ಗಿಲ್ಲದೆ ಸಾಲ ಕೊಡುವ ಬ್ಯಾಂಕಿಗೆ ಇಲ್ಲಿ ಅಂಕ ಹೆಚ್ಚೇ ಬೀಳುತ್ತದೆ!

ಹಾಗೆಂದು ಅನುಪಾತಗಳನ್ನೇ ಎಸೆಯಬೇಕಿಲ್ಲ. ರಘುರಾಮ್ ರಾಜನ್ ಗವರ್ನರ್ ಆಗಿದ್ದಾಗ, 2015ರಲ್ಲಿ ಶುರುವಾದ ಆಸ್ತಿ ಗುಣಮಟ್ಟ ಪರಿಶೀಲನೆ ಪ್ರಮುಖ ಬ್ಯಾಂಕುಗಳಿಗೆ ಒಂದೇ ಅಳತೆಗೋಲು ಹಿಡಿಯಿತು. ಆಮೇಲೆ ಅದೇ ಅನುಪಾತಗಳು ನಿಜ ಹೇಳತೊಡಗಿದವು. 2017–18ರಲ್ಲಿ 21 ಸರ್ಕಾರಿ ಬ್ಯಾಂಕುಗಳ ಪೈಕಿ ಲಾಭ ಕಂಡದ್ದು ಎರಡೇ: ಇಂಡಿಯನ್ ಬ್ಯಾಂಕ್ ಮತ್ತು ಮಂಗಳೂರಿನಲ್ಲಿ ಹುಟ್ಟಿದ ವಿಜಯ ಬ್ಯಾಂಕ್.

ಆದರೆ ಯೆಸ್ ಬ್ಯಾಂಕಿನ ಪೂರ್ತಿ ನಿಜ ಹೊರಬಿದ್ದದ್ದು ತೀರಾ ತಡವಾಗಿ. 2019ರ ಸೆಪ್ಟೆಂಬರ್‌ನಲ್ಲಿ ಶೇ 7.39 ಇದ್ದ ಅನುತ್ಪಾದಕ ಸಾಲ ಡಿಸೆಂಬರ್ ಹೊತ್ತಿಗೆ ಶೇ 18.87ಕ್ಕೆ ಜಿಗಿಯಿತು, ಆ ತ್ರೈಮಾಸಿಕದ ನಷ್ಟ 18,564 ಕೋಟಿ. ಆ ಲೆಕ್ಕ ಪ್ರಕಟವಾಗುವ ಮೊದಲೇ, 2020ರ ಮಾರ್ಚ್ 5ರಂದು, ಠೇವಣಿದಾರರು ಹಣ ಹಿಂಪಡೆಯಲು 50,000 ರೂಪಾಯಿಯ ಮಿತಿ ಬಿದ್ದಿತ್ತು.

2025ರ ಮಾರ್ಚ್‌ನಲ್ಲಿ ದೇಶದ ವಾಣಿಜ್ಯ ಬ್ಯಾಂಕುಗಳ ಒಟ್ಟು ಅನುತ್ಪಾದಕ ಸಾಲ ಶೇ 2.3ಕ್ಕೆ ಇಳಿದಿತ್ತು. ಈ ಇಳಿಕೆಯಲ್ಲಿ ವಸೂಲಿಯ ಜೊತೆ ‘ರೈಟ್ ಆಫ್’ನ, ಅಂದರೆ ಪುಸ್ತಕದಿಂದ ತೆಗೆದ ಸಾಲದ, ಪಾಲೂ ಇತ್ತು. ಆದ್ದರಿಂದ ಶೇಕಡಾವಾರಿಗಿಂತ ವರ್ಷದಲ್ಲಿ ಹೊಸದಾಗಿ ಕೆಟ್ಟ ಸಾಲವೆಷ್ಟು, ಪುಸ್ತಕದಿಂದ ತೆಗೆದದ್ದೆಷ್ಟು, ತಪಾಸಣೆಯಲ್ಲಿ ಕಂಡ ವ್ಯತ್ಯಾಸವೆಷ್ಟು ಎಂಬುದೇ ಮುಖ್ಯ. ಮೂರನೆಯದನ್ನು ನಿಗದಿತ ಮಿತಿ ದಾಟಿದರೆ ಮಾತ್ರ ಬ್ಯಾಂಕುಗಳು ಬಹಿರಂಗಪಡಿಸಬೇಕು. ರಿಸರ್ವ್ ಬ್ಯಾಂಕ್ ಒಳಗೊಳಗೇ ಕೊಡುವ ಅಂಕವಂತೂ ಠೇವಣಿದಾರರ ಕಣ್ಣಿಗೆ ಬೀಳುವುದೇ ಇಲ್ಲ.