ಬಿಚ್ಚಿದ್ದನ್ನು ಮತ್ತೆ ಕೂಡಿಸಬಹುದೇ?

ನಲ್ಲಿ ತೊಟ್ಟಿಕ್ಕತೊಡಗಿದಾಗ ಪ್ಲಂಬರ್‌ಗೆ ಫೋನ್ ಮಾಡಬೇಕೋ, ನಾವೇ ಸ್ಪ್ಯಾನರ್ ಹಿಡಿಯಬೇಕೋ? ಸಾಮಾನ್ಯವಾಗಿ ಎಲ್ಲರೂ ಲೆಕ್ಕ ಹಾಕುವುದು ಕೂಲಿಯನ್ನು. ನಾನು ಮೊದಲು ನೋಡುವುದು ಜಾಯಿಂಟನ್ನು. ಸೋರುತ್ತಿರುವ ಭಾಗ ಥ್ರೆಡ್‌ನಲ್ಲಿ ಕೂತಿದ್ದು, ಅಲ್ಲಿಗೆ ನೀರು ನಿಲ್ಲಿಸುವ ವಾಲ್ವ್ ಕೈಗೆ ಸಿಗುವಂತಿದ್ದರೆ ಕೆಲಸ ಮನೆಯವರದೇ. ಕೆಟ್ಟರೆ ಬಿಚ್ಚಿ ಮತ್ತೆ ಹಾಕಬಹುದು. ಹಳೇ ಹಿತ್ತಾಳೆ ನಲ್ಲಿಯಲ್ಲಿ ಸವೆದಿರುವುದು ಬಹುತೇಕ ಸ್ಪಿಂಡಲ್ ಕೆಳಗಿನ ವಾಷರ್. ಅದನ್ನೇ ಹಾರ್ಡ್‌ವೇರ್ ಅಂಗಡಿಗೆ ಒಯ್ದು ತೋರಿಸಿದರೆ ಅಳತೆಯ ತಕರಾರಿಲ್ಲ. ನಲ್ಲಿ ಗೋಡೆಗೆ ಸೇರುವಲ್ಲಿ ಒಸರುತ್ತಿದ್ದರೆ ಟೆಫ್ಲಾನ್ ಟೇಪ್ ಸಾಕು. ಥ್ರೆಡ್‌ನ ತುದಿ ನಿಮ್ಮ ಕಡೆಗಿರುವಂತೆ ಹಿಡಿದು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಟೇಪನ್ನು ಎಳೆದೆಳೆದು ಸುತ್ತಬೇಕು. ಎದುರು ದಿಕ್ಕಿಗೆ ಸುತ್ತಿದರೆ ನಲ್ಲಿ ಬಿಗಿಮಾಡುವಾಗ ಅದು ಸುಕ್ಕುಗಟ್ಟಿ ಹೊರಗೆ ಬರುತ್ತದೆ.

ಸಿಪಿವಿಸಿ ಪೈಪಿನ ಕಥೆ ಬೇರೆ. ಅದಕ್ಕೆ ಹಚ್ಚುವ ಸಾಲ್ವೆಂಟ್ ಪೈಪು, ಫಿಟ್ಟಿಂಗ್ ಎರಡರ ಮೈಯನ್ನೂ ಮೆದುವಾಗಿಸಿ ಒಂದಾಗಿಸಿಬಿಡುತ್ತದೆ. ಸೋರಿದರೆ ಕತ್ತರಿಸಿ ಹೊಸತು ಕೂಡಿಸಬೇಕು. ಲೈನಿನಲ್ಲಿ ನೀರು ಜಿನುಗುತ್ತಿದ್ದರೆ ಅದೂ ಸರಿಯಾಗಿ ಹಿಡಿಯದು. ಹಳೇ ಮನೆಗಳ ಜಿಐ ಪೈಪು ಇನ್ನೂ ಮೋಸಗಾರ. ಕಾಣುವುದು ಥ್ರೆಡ್ಡೇ, ಆದರೆ ತುಕ್ಕು ಅದನ್ನು ಎಲ್ಬೋಗೆ ಬೆಸೆದಿರುತ್ತದೆ. ಹೊರಗೆ ರೆಂಚ್ ತಿರುಗಿಸಿದರೆ ಒಳಗೆಲ್ಲೋ ಮುರಿದು, ಟೈಲ್ಸ್ ಒಡೆಸುವ ಖರ್ಚು ತಲೆಗೆ ಬರುತ್ತದೆ. ಇವೆರಡೂ ಪ್ಲಂಬರ್ ಕೆಲಸ.

ಹಾಗಿದ್ದರೆ ವಾಷರಿಗೂ ಅವರನ್ನೇ ಕರೆಯೋಣ ಎನ್ನುವವರಿದ್ದಾರೆ. ಅಷ್ಟು ಚಿಕ್ಕ ಕೆಲಸಕ್ಕೆ ಸಿಗುವ ಉತ್ತರ ‘ನಾಳೆ ಬರ್ತೀನಿ ಸಾರ್’. ಸೆಕೆಂಡಿಗೊಂದು ಹನಿಯೆಂದರೆ ದಿನಕ್ಕೆ 86,400. ಮಿಲಿಲೀಟರಿಗೆ 20 ಹನಿ ಹಿಡಿದರೂ 4 ಲೀಟರ್ ದಾಟುತ್ತದೆ. ಬೆಂಗಳೂರಿನ ನಲ್ಲಿಯಾದರೆ ಅದು ಸುಮಾರು 100 ಕಿ.ಮೀ. ದೂರದಿಂದ ಪಂಪ್ ಮಾಡಿ ತಂದ ಕಾವೇರಿ ನೀರು. ವಿಡಿಯೊ ನೋಡಿ ಸಾಲ್ವೆಂಟ್ ಜಾಯಿಂಟನ್ನೂ ಕಲಿಯಬಹುದಲ್ಲ ಎಂಬ ಆಕ್ಷೇಪ ನ್ಯಾಯವೇ. ಕಲಿಯಿರಿ, ಹಿತ್ತಿಲಿನ ಪೈಪಿನ ಮೇಲೆ. ಗೋಡೆಯೊಳಗಿನದಕ್ಕೆ ಕೈ ಹಾಕಬೇಡಿ, ಏಕೆಂದರೆ ತೇವ ಕಾಣುವುದು ಒಂದು ಕಡೆ, ಸೋರುವುದು ಇನ್ನೊಂದು ಕಡೆ. ಪ್ಲಂಬರ್ ಬರುವ ಮುನ್ನ ನೀವು ಮಾಡಬಹುದಾದದ್ದೂ ಇದೆ: ರಾತ್ರಿ ಎಲ್ಲ ನಲ್ಲಿ ಮುಚ್ಚಿ ಓವರ್‌ಹೆಡ್ ಟ್ಯಾಂಕಿನ ನೀರಿನ ಮಟ್ಟ ಗುರುತಿಸಿ, ಬೆಳಿಗ್ಗೆ ಇಳಿದಿದ್ದರೆ, ಮರುರಾತ್ರಿಯಿಂದ ಒಂದೊಂದೇ ಲೈನಿನ ವಾಲ್ವ್ ಮುಚ್ಚಿ ನೋಡಿ. ಸೋರುವ ಲೈನ್ ಯಾವುದೆಂದು ತಿಳಿದರೆ ಅವರು ಒಡೆಯಬೇಕಾದ ಗೋಡೆ ಕಡಿಮೆ.